ಮೂರು ಸಲ ಹೇಳಿಸಿಕೊಂಡ ಮಾತು

ಕಲ್ಯಾಣದುರ್ಗದ ಅತ್ತೆಯ ಮನೆಯಲ್ಲಿ, ಹಿಂದಿನ ಕೋಣೆಯ ನೆಲದಲ್ಲಿ ಒಂದು ಗುಂಡಿ ಇತ್ತು. ಎರಡು ಅಡಿ ಆಳ, ಕಲ್ಲಿನ ಅಂಚು. ಅತ್ತೆಯ ಗಂಡನ ಮನೆಯವರು ನೇಯುವುದನ್ನು ಬಿಟ್ಟು ಬಟ್ಟೆ ಅಂಗಡಿ ಇಟ್ಟು ಒಂದು ತಲೆಮಾರಾಗಿತ್ತು. ಮಗ್ಗ ಹೋಗಿದ್ದರೂ, ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಗುಂಡಿಯನ್ನು ಯಾರೂ ಮುಚ್ಚಿಸಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅದರ ಮೇಲೆ ಹಲಗೆ ಹಾಸಿ ಕಡಲೆಕಾಯಿ ಮೂಟೆಗಳನ್ನು ಒಟ್ಟಿರುತ್ತಿದ್ದರು.

ಎಂಬತ್ತರ ದಶಕದ ನಡುವಿನ ಒಂದು ವರ್ಷ, ಗೌರಿ ಹಬ್ಬ ಕಳೆದ ಮೇಲೆ, ವಿಶ್ವವಿದ್ಯಾಲಯದ ವಿಭಾಗದಿಂದ ಕೇಳಿ ಪಡೆದ ಟೇಪ್ ರೆಕಾರ್ಡರ್ ಹಿಡಿದುಕೊಂಡು ನಾನು ಅಲ್ಲಿಗೆ ಹೋದೆ. ಆಗ ಎಂ.ಎ. ಎರಡನೆಯ ವರ್ಷದಲ್ಲಿದ್ದೆ. ಹೋಗಿ ನೋಡಿದರೆ ಆ ಕೋಣೆ ಖಾಲಿ. ಮೂಟೆಗಳಿರಲಿಲ್ಲ, ಹಲಗೆ ತೆಗೆದಿದ್ದರು, ಗುಂಡಿಯ ಒಳಗನ್ನೂ ಸಗಣಿ ಹಾಕಿ ಸಾರಿಸಿದ್ದರು. ರೆಕಾರ್ಡಿಂಗಿಗೆ ಸದ್ದಿಲ್ಲದ ಜಾಗ ಸಿಕ್ಕಿತಲ್ಲ ಎಂದಷ್ಟೇ ಅಂದುಕೊಂಡೆ.

ನಾವು ಹಿಂದೂಪುರದ ನೇಕಾರರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಪುಸ್ತಕದ ತೆಲುಗು, ಪಕ್ಕದ ಸೈಕಲ್ ಅಂಗಡಿಯಲ್ಲಿ ಉರ್ದು. ಯಾವ ಮಾತು ಯಾವ ಭಾಷೆಯದು ಎಂದು ಗೊತ್ತಿಲ್ಲದೆ ಬೆಳೆದು, ಗೊತ್ತಾದ ಮೇಲೆ ಅದನ್ನೇ ಓದಲು ಹೋದೆ. ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರಲ್ಲಿ ಅಪ್ಪ ಕೂರುತ್ತಿದ್ದ. ಇನ್ನೊಂದು ತಾತನದು. ತಾತನ ಮೊಣಕಾಲು ಕೈಕೊಟ್ಟ ಮೇಲೆ ಅದರಲ್ಲಿ ಅಪ್ಪನ ತಂಗಿ, ಅಂದರೆ ಈ ಅತ್ತೆ ಕೂತಳು. ನಮ್ಮಲ್ಲಿ ಹೆಂಗಸರು ನೂಲು ಸುತ್ತುತ್ತಾರೆ, ಹಾಸಿನ ಎಳೆ ಹಚ್ಚುತ್ತಾರೆ. ಮಗ್ಗದ ಗುಂಡಿಗೆ ಇಳಿಯುವುದು ಆಗ ಕಡಿಮೆ. ಅತ್ತೆ ಆರು ವರ್ಷ ನೇಯ್ದಳು. ಅವಳ ಸೀರೆಯ ಅಂಚು ನೋಡಿದರೆ ಸಾಹುಕಾರರು ಮಡಿಕೆ ಬಿಚ್ಚದೆ ತೆಗೆದುಕೊಳ್ಳುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದಳು. ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದ ಮೇಲೆ ಅತ್ತೆ ಮತ್ತೆ ಲಾಳಿ ಹಿಡಿಯಲಿಲ್ಲ. ತಾತನ ಮಗ್ಗ ಹೆಚ್ಚುಕಡಿಮೆ ಸುಮ್ಮನೆ ನಿಂತಿತ್ತು.

ನಮ್ಮ ಮನೆಗಳ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಕೊಟ್ಟ ಹೆಣ್ಣುಮಗಳು ತವರಿನಿಂದ ಏನನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಅಳಿಯ ಕೇಳುವುದಂತೂ ಇನ್ನೂ ಅವಮಾನ. ಏನಾದರೂ ಬೇಕಿದ್ದರೆ, ಎರಡೂ ಮನೆಗೆ ಓಡಾಡುವ ಹುಡುಗಿಯ ಮುಂದೆ ಸುಮ್ಮನೆ ಮಾತಿಗೆ ಅಂದಂತೆ ಅನ್ನುತ್ತಾಳೆ: ಇಂಥದ್ದು ಇದ್ದಿದ್ದರೆ ಚೆನ್ನಾಗಿತ್ತು, ಹಿಂಗೆ ಮಾಡ್ತಿದ್ದೆ. ಹುಡುಗಿ ಹೋಗಿ ಹೇಳುತ್ತಾಳೆ. ಕೊಡುವ ಮನಸ್ಸಿದ್ದರೆ ಮುಂದಿನ ಹಬ್ಬಕ್ಕೆ ಅದು ಬರುತ್ತದೆ. ಇಲ್ಲದಿದ್ದರೆ ಯಾರೂ ಕೇಳಿದ್ದಿಲ್ಲ, ಯಾರೂ ಇಲ್ಲವೆಂದದ್ದಿಲ್ಲ. ಅಣ್ಣ ತಂಗಿಯರು ಮುಜುಗರವಿಲ್ಲದೆ ಮುಖ ನೋಡಬಹುದು. ಅಂಥ ಮಾತನ್ನು ಒಂದು ಸಲ ಅನ್ನುತ್ತಾರೆ. ಎರಡನೆಯ ಸಲ ಅಂದರೆ ಕೇಳಿದಂತಾಗುತ್ತದೆ.

ನಮ್ಮ ಮನೆಯಲ್ಲಿ ಆ ಹುಡುಗಿ ನಾನೇ. ಹಿತ್ತಾಳೆ ಕೊಳಗ, ಮಲ್ಲಿಗೆ ಬಳ್ಳಿ, ಅಜ್ಜಿಯ ಕೈಯ ಮಾವಿನಮಿಡಿ ಉಪ್ಪಿನಕಾಯಿ, ಇವೆಲ್ಲ ನನ್ನ ಬಾಯಿಯ ಮೂಲಕವೇ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋದವು. ಎಂಟು ವರ್ಷದವಳಿದ್ದಾಗ ನಾನು ಈ ಕೆಲಸದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ನಾನು ತೆಗೆದುಕೊಂಡ ವಿಷಯ, ನಡೆಯದಿರುವುದನ್ನು ಭಾಷೆಗಳು ಹೇಗೆ ಹೇಳುತ್ತವೆ ಎಂಬುದು. ಇಂಗ್ಲಿಷಿನವರು ಸಬ್ಜಂಕ್ಟಿವ್ ಎನ್ನುತ್ತಾರೆ. ಅವರಲ್ಲಿ ಅದು ಸವೆದು ಸವೆದು ‘ಇಫ್ ಐ ವರ್’ (ನಾನು ಆಗಿದ್ದರೆ) ಎಂಬಂಥ ಒಂದೆರಡು ಕಡೆ ಮಾತ್ರ ಕಾಣುತ್ತದೆ. ಫ್ರೆಂಚನ್ನು ಒಂದು ವರ್ಷದ ಸರ್ಟಿಫಿಕೇಟ್ ತರಗತಿಯಲ್ಲಿ ಕಲಿತಿದ್ದೆ. ಅಲ್ಲಿ ಬೇಕು, ಭಯ, ಸಂಶಯ ಎಂದು ಬಾಯಿ ತೆರೆದರೆ ಸಾಕು, ಮುಂದೆ ಬರುವ ಕ್ರಿಯಾಪದ ವೇಷ ಬದಲಿಸುತ್ತದೆ. ಉರ್ದುವಿನಲ್ಲಿ ‘ಕಾಶ್’, ಅಂದರೆ ‘ಹಾಗಾಗಿದ್ದರೆ’, ಎಂಬ ನಿಟ್ಟುಸಿರಿನಂಥ ಪದ ವಾಕ್ಯದ ಮುಂದೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ‘ಬಂದಾನು, ಬಂದಾಳು’ ಎಂಬುದಕ್ಕೆ ಸಂಭಾವನಾರ್ಥ ಎಂಬ ಹೆಸರಿದೆ. ‘ಬಂದಿದ್ದರೆ ಹೀಗಾಗುತ್ತಿತ್ತು’ ಎಂಬ ಮಾತಿಗೆ ನಾನು ಓದಿದ ಪುಸ್ತಕಗಳಲ್ಲಿ ಅಂಥ ಹೆಸರು ಸಿಗಲಿಲ್ಲ. ಸಂಸ್ಕೃತದಲ್ಲಿ ಸಿಕ್ಕಿತು: ಕ್ರಿಯಾತಿಪತ್ತಿ, ಆಗಬೇಕಾದ ಕೆಲಸ ಕೈತಪ್ಪಿ ಹೋಗುವುದು. ಆ ಪದ ಸಿಕ್ಕಿದ ದಿನ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡು ಎಷ್ಟು ಸಂತೋಷಪಟ್ಟೆನೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಪ್ರಬಂಧಕ್ಕೆ ಆಡುಮಾತಿನ ವಾಕ್ಯಗಳು ಬೇಕಿದ್ದವು. ಕನ್ನಡ ತೆಲುಗು ಎರಡನ್ನೂ ಸಲೀಸಾಗಿ ಆಡುವವರು, ಪುಸ್ತಕ ಹೆಚ್ಚು ಓದದವರು ಆದರೆ ಒಳ್ಳೆಯದು ಎಂದು ನನ್ನ ಮಾರ್ಗದರ್ಶಕರು ಹೇಳಿದ್ದರು. ನನಗೆ ಮೊದಲು ನೆನಪಾದವಳು ಅತ್ತೆ. ಪೆನುಕೊಂಡದಲ್ಲಿ ಬಸ್ ಬದಲಿಸಿ, ರೆಕಾರ್ಡರನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಹೋದೆ.

ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅತ್ತೆ ಕೇಳಿದಳು. “ನಿಮ್ಮಪ್ಪ ಮಗ್ಗ ತೆಗೀತಾನಂತೆ, ದಿಟವಾ?”

“ಹೂಂ ಅತ್ತೆ. ಎರಡು ಪವರ್‌ಲೂಮ್ ಬತ್ತವೆ. ಆಯುಧಪೂಜೆ ಮುಗಿದ ಮೇಲೆ ಹಳೇವು ಬಿಚ್ತಾನಂತೆ.”

“ಬಿಚ್ಚಿ?”

“ಗೊತ್ತಿಲ್ಲ. ಅಟ್ಟಕ್ಕೆ ಹಾಕ್ತಾನೋ, ಯಾರಿಗಾದ್ರೂ ಕೊಡ್ತಾನೋ.”

ಮಾವ ಮುದ್ದೆ ಮುರಿಯುತ್ತಾ, “ಕಾಲ ಬಂದಂಗೆ ಹೋಗ್ಬೇಕು ಕಣಮ್ಮ. ನಮ್ಮಪ್ಪ ಆವತ್ತೇ ಬಿಟ್ಟ. ನಾವೇನು ಬದುಕ್ಲಿಲ್ವಾ? ನಿಮ್ಮತ್ತೆಗೆ ಮಾತ್ರ ಇನ್ನೂ ಕೈ ಕಡೀತದೆ,” ಎಂದರು.

“ಕಡೀದೆ ಏನ್ಮಾಡ್ತದೆ? ನಿಮ್ಮಂಗ್ಡಿ ಬಟ್ಟೆ ಮುಟ್ಟಿದ್ರೆ ಯಾರಿಗಾದ್ರೂ ಕಡೀತದೆ,” ಎಂದಳು ಅತ್ತೆ. ಮಾವ ನಕ್ಕು ಮಜ್ಜಿಗೆಗೆ ಕೈ ಚಾಚಿದರು.

ಅವರು ಅಂಗಡಿಗೆ ಹೋದ ಮೇಲೆ ನಾವಿಬ್ಬರೂ ಹಿಂದಿನ ಕೋಣೆಗೆ ಹೋದೆವು. ನಾನು ಗೋಡೆಗೆ ಒರಗಿ ಕೂತು ರೆಕಾರ್ಡರನ್ನು ನಡುವೆ ಇಟ್ಟೆ. ಅತ್ತೆ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

“ಇದ್ರಾಗೆ ಮಾತು ಕೂತ್ಕಂತದಾ?”

“ಕೂತ್ಕಂತದೆ.”

“ಆಮ್ಯಾಲೆ ಎದ್ದೋಗಲ್ವಾ?”

“ಇಲ್ಲತ್ತೆ. ಹತ್ತು ವರ್ಷ ಆದ್ರೂ ಇರ್ತದೆ.”

“ಅಂಗಾರೆ ನಿಮ್ಮ ಮಾವನ್ನ ಬೈಯಂಗಿಲ್ಲ ಬಿಡು.”

ನನ್ನ ಬಳಿ ಪ್ರಶ್ನೆಗಳ ಪಟ್ಟಿ ಇತ್ತು. ಈ ಸಲ ಮಳೆ ಚೆನ್ನಾಗಿ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. “ಸೆಟ್ಟೂರಿನ ರೈತ್ರು ಅಂಗ್ಡಿಗೆ ಬತ್ತಿದ್ರು, ನಿಮ್ಮ ಮಾವ ಮನೇಗೆ ಬತ್ತಿರ್ಲಿಲ್ಲ, ನಾನು ನೆಮ್ಮದಿಯಾಗಿರ್ತಿದ್ದೆ,” ಎಂದಳು. ಮೂರು ಕ್ರಿಯಾಪದ ಒಂದೇ ಉಸಿರಿನಲ್ಲಿ ಸಿಕ್ಕಿದ್ದಕ್ಕೆ ನನಗೆ ಖುಷಿ. ಗಂಡಸಾಗಿ ಹುಟ್ಟಿದ್ದರೆ ಎಂದು ಕೇಳಿದೆ. “ಹಿಂದೂಪುರದಾಗೇ ಇರ್ತಿದ್ದೆ,” ಎಂದಳು, ನಾನು ಕೇಳಿ ಮುಗಿಸುವ ಮೊದಲೇ. ಅದನ್ನೂ ಕಾರ್ಡಿನಲ್ಲಿ ಬರೆದುಕೊಂಡೆ. ಒಂದು ಕಾರ್ಡಿಗೆ ಒಂದು ವಾಕ್ಯ, ಕ್ರಿಯಾಪದದ ಕೆಳಗೆ ಗೆರೆ.

ಪಟ್ಟಿಯ ಮುಂದಿನ ಪ್ರಶ್ನೆ ಹೀಗಿತ್ತು: ಇಲ್ಲಿ ಇಲ್ಲದಿರುವ ಯಾವುದಾದರೂ ಒಂದು ಇದ್ದಿದ್ದರೆ ಏನು ಮಾಡುತ್ತಿದ್ದೆ?

ಅತ್ತೆ ಗುಂಡಿಯೊಳಗೆ ನೋಡಿದಳು. ಅವಳ ಪಾದಗಳು ಗುಂಡಿಯೊಳಗೆ ಮಗ್ಗ ತುಳಿಯುವಂತೆ ಒಂದಾದ ಮೇಲೊಂದು ಮೆಲ್ಲಗೆ ಒತ್ತುತ್ತಿದ್ದವು. ಅಲ್ಲಿ ಒತ್ತಲು ಏನೂ ಇರಲಿಲ್ಲ.

“ಆ ಮಗ್ಗ ಇಲ್ಲಿಗೆ ಬಂದಿದ್ದಿದ್ರೆ,” ಎಂದಳು, “ಇಂಗೇ ಕೂತ್ಕಂಡು ದಿನಕ್ಕೊಂದು ಮೊಳನಾದ್ರೂ ನೇಯ್ತಿದ್ದೆ ಕಣಮ್ಮ.”

ಹೊರಗೆ ಲಾರಿಯೊಂದು ಹೋಯಿತು. ವಾಕ್ಯದ ಕೊನೆ ಅದರ ಸದ್ದಿನಲ್ಲಿ ಮುಳುಗಿತು.

“ಇನ್ನೊಂದ್ಸಲ ಹೇಳತ್ತೆ. ಕೊನೇದು ಸರಿಯಾಗಿ ಬೀಳ್ಲಿಲ್ಲ.”

ಅತ್ತೆ ತಲೆಯೆತ್ತಿ ನನ್ನ ಮುಖ ನೋಡಿದಳು. ಆಮೇಲೆ ಪದ ಪದ ಬಿಡಿಸಿ, ಅದೇ ಮಾತನ್ನು ನಿಧಾನವಾಗಿ ಮತ್ತೆ ಹೇಳಿದಳು.

“ಈಗ ಅದನ್ನೇ ತೆಲುಗಲ್ಲಿ ಹೇಳು.”

“ತೆಲುಗಾಗೂ ಬೇಕಾ?”

“ಬೇಕೇ ಬೇಕು.”

“ಆ ಮಗ್ಗಂ ಇಕ್ಕಡಿಕಿ ವಸ್ತೇ ಬಾಗುಂಡು,” ಎಂದಳು. ಆ ಮಗ್ಗ ಇಲ್ಲಿಗೆ ಬಂದರೆ ಚೆನ್ನಾಗಿರುತ್ತೆ. ಕನ್ನಡದಲ್ಲಿ ಹೇಳಿದ ಅರ್ಧ ವಾಕ್ಯ ಬಿಟ್ಟುಹೋಗಿತ್ತು, ಆಗಿಹೋದ ಕಾಲದ ಮಾತು ಮುಂದೆ ಆಗಬಹುದಾದ ಮಾತಾಗಿತ್ತು. ಕಾರ್ಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಕಾಲ ತಪ್ಪಿದೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದೆ.

ನನಗೆ ಆ ಮಾತು ಯಾಕೆ ಕೇಳಿಸಲಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಉದಾಹರಣೆ ವಾಕ್ಯಗಳು ಯಾರ ಬಗ್ಗೆಯೂ ಇರುವುದಿಲ್ಲ ಎಂದು ನಮಗೆ ಕಲಿಸಿದ್ದರು. ಅದು ಕೆಲಸಕ್ಕೆ ಬೇಕಾದ ಶಿಸ್ತು. ನಾನು ಪ್ರಶ್ನೆ ಕೇಳಿದೆ, ಪ್ರಶ್ನೆಗೆ ಉತ್ತರ ಬಂತು, ಆದ್ದರಿಂದ ಅದು ಉತ್ತರ. ಯಂತ್ರವಿಲ್ಲದೆ, ಪಟ್ಟಿಯಿಲ್ಲದೆ, ಕಾಳು ಆರಿಸುತ್ತಾ ಕೂತಾಗ ಅಂದಿದ್ದರೆ ನನ್ನೊಳಗಿನ ಎಂಟು ವರ್ಷದ ಹುಡುಗಿಗೆ ತಟ್ಟನೆ ತಿಳಿಯುತ್ತಿತ್ತು. ಇದು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತೆಂದೂ ಗೊತ್ತು.

ಮರುದಿನ ಬೆಳಿಗ್ಗೆ ಬಸ್ಸಿಗೆ ಹತ್ತಿಸಲು ಅತ್ತೆ ಬಂದಳು. ಹುಣಸೆಹಣ್ಣಿನ ಗಂಟೊಂದನ್ನು ಕಿಟಕಿಯಿಂದ ಕೊಟ್ಟು, “ಮರೀಬ್ಯಾಡ,” ಎಂದಳು. “ಇಲ್ಲತ್ತೆ,” ಎಂದು ಗಂಟನ್ನು ಸೀಟಿನ ಕೆಳಗೆ ಇಡದೆ ರೆಕಾರ್ಡರಿನ ಜೊತೆಗೇ ಮಡಿಲಲ್ಲಿ ಇಟ್ಟುಕೊಂಡೆ.

ಹಿಂದೂಪುರದಲ್ಲಿ ಅಪ್ಪ ಮಗ್ಗದಿಂದ ಎದ್ದು ಬಂದು, ಕೈ ಒರೆಸಿಕೊಳ್ಳುತ್ತಾ ಕೇಳಿದ. “ಅತ್ತೆ ಏನಾದ್ರೂ ಹೇಳಿ ಕಳಿಸಿದ್ಲಾ?”

ಪ್ರತಿ ಸಲವೂ ಕೇಳುವ ಪ್ರಶ್ನೆಯೇ ಅದು. ನಾನು ಸ್ವಲ್ಪ ನೆನಪು ಮಾಡಿಕೊಂಡೆ ಕೂಡ. “ಏನೂ ಇಲ್ಲಪ್ಪ. ಚೆನ್ನಾಗವ್ಳೆ. ಹುಣಸೆಹಣ್ಣು ಕೊಟ್ಟವ್ಳೆ,” ಎಂದೆ.

ಅಪ್ಪ ಒಂದು ಕ್ಷಣ ನಿಂತು, “ಸರಿ,” ಎಂದು ಒಳಗೆ ಹೋದ.

ಆಯುಧಪೂಜೆಗೆ ಎರಡೂ ಮಗ್ಗಗಳಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದರಂತೆ. ಅದಾದ ವಾರಕ್ಕೆ ಬಿಚ್ಚಿದರಂತೆ. ನಾನು ಆಗ ಹಾಸ್ಟೆಲಿನಲ್ಲಿ ಕಾರ್ಡುಗಳನ್ನು ಜೋಡಿಸುತ್ತಿದ್ದೆ. ಅತ್ತೆಯ ವಾಕ್ಯ ನಲವತ್ತಮೂರನೆಯ ಉದಾಹರಣೆಯಾಗಿ ಪ್ರಬಂಧದಲ್ಲಿ ಸೇರಿತು. ಅದರ ಕೆಳಗೆ, ‘ನಡೆಯದೆ ಹೋದುದನ್ನು ಸೂಚಿಸುತ್ತದೆ’ ಎಂದು ವಿವರಣೆ ಬರೆದೆ. ಅವಳು ಆ ಮಾತು ಹೇಳಿದ ದಿನ ಮಗ್ಗ ನಿಂತೇ ಇತ್ತು. ಬಿಚ್ಚಲು ಇನ್ನೂ ಒಂದು ತಿಂಗಳಿತ್ತು.

ಮುಂದಿನ ವರ್ಷದ ಗೌರಿ ಹಬ್ಬಕ್ಕೆ ಅತ್ತೆ ತವರಿಗೆ ಬಂದಳು. ನಡುಮನೆಯಲ್ಲಿ ಪವರ್‌ಲೂಮಿನ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲವಾದ್ದರಿಂದ ಎಲ್ಲರೂ ಪಡಸಾಲೆಗೆ ಬಂದು ಕೂರುವ ಅಭ್ಯಾಸವಾಗಿತ್ತು. ಅಲ್ಲಿ ಹೊಸ ಬೆಂಚಿತ್ತು. ಅತ್ತೆ ಕೂತಳು, ಪಕ್ಕದಲ್ಲಿ ಅಪ್ಪ.

“ಹೊಸದಾ ಅಣ್ಣ, ಬೆಂಚು?”

“ಹಳೇ ಮರವೇ ಕಣಮ್ಮ. ಅಪ್ಪನ ಮಗ್ಗದ್ದು. ತೇಗ ನೋಡು, ಒಂದು ಹುಳ ಮುಟ್ಟಿಲ್ಲ. ಪರಿಗಿ ಊರಿನ ಆಚಾರಿ ಮಾಡ್ಕೊಟ್ಟ.”

ಅತ್ತೆಯ ಅಂಗೈ ಮರದ ಮೇಲೆ ಸರಿದು ಒಂದು ಕಡೆ ನಿಂತಿತು. ಅಲ್ಲಿ ಒಂದು ಚಿಕ್ಕ ತಗ್ಗಿತ್ತು. ವರ್ಷಗಟ್ಟಲೆ ಹಗ್ಗ ಉಜ್ಜಿ ಆದದ್ದು. ಆಚಾರಿಯ ಉಳಿ ಅದನ್ನು ತೆಗೆದಿರಲಿಲ್ಲ.

“ಮಿಕ್ಕಿದ್ದು?”

“ಬಚ್ಚಲೊಲೆಗೆ ಹೋಯ್ತು.” ಅಪ್ಪ ಅವಳ ಕೈ ನೋಡಿದ. ಆಮೇಲೆ ಅವಳ ಮುಖ ನೋಡಿದ. “ಯಾಕಮ್ಮ, ನಿಂಗೇನಾದ್ರೂ ಬೇಕಿತ್ತಾ? ಬೇಕಿದ್ರೆ ಒಂದ್ಮಾತು ಹೇಳಿ ಕಳಿಸ್ಬಾರ್ದಾಗಿತ್ತಾ? ನಾನೇ ಲಾರಿಗೆ ಹಾಕಿ ಕಳಿಸ್ತಿದ್ದೆ. ಸುಮ್ನೆ ನಿಂತಿದ್ದ ಮಗ್ಗ!”

ನಾನು ಕಾಫಿ ಲೋಟಗಳನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಆ ಕೋಣೆ, ಸಾರಿಸಿದ ಗುಂಡಿ, ಒತ್ತುತ್ತಿದ್ದ ಪಾದಗಳು, ಬಸ್ಸಿನ ಕಿಟಕಿ ಎಲ್ಲವೂ ಒಂದೇ ಸಲ ಬಂದು ನಿಂತವು. ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

“ನಂಗ್ಯಾಕಣ್ಣ,” ಎಂದಳು. “ಈ ವಯಸ್ಸಿಗೆ ಮಗ್ಗ ತಕ್ಕಂಡು ಏನ್ಮಾಡ್ಲಿ? ಬೆಂಚೇ ಚೆನ್ನಾಗದೆ. ಬಂದೋರು ಕೂತ್ಕಂತಾರೆ.”

ಆಗ ನಾನು ಬಾಯಿ ತೆರೆಯಬಹುದಿತ್ತು. ಅಪ್ಪ, ಹೇಳಿ ಕಳಿಸಿದ್ದಳು, ನಾನೇ ಹೇಳಲಿಲ್ಲ ಎಂದರೆ ಮುಗಿಯುತ್ತಿತ್ತು. ಅತ್ತೆಗೆ ಕಾಫಿ ಕೊಟ್ಟೆ, ಅಪ್ಪನಿಗೆ ಕೊಟ್ಟೆ, ಸಕ್ಕರೆ ಸಾಲದೇನೋ ಎಂದು ಹೇಳಿ ಒಳಗೆ ಹೋದೆ. ಮೊದಲನೆಯ ತಪ್ಪು ತಿಳಿಯದೆ ಮಾಡಿದ್ದು. ಇದನ್ನು ತಿಳಿದು ಮಾಡಿದೆ.

ಆ ಮೇಲೆ ಒಂದು ದಿನ ವಿಭಾಗದ ಪೆಟ್ಟಿಗೆಯಿಂದ ಆ ಟೇಪನ್ನು ತೆಗೆದು ಹಾಕಿ ಕೇಳಿದೆ. ಲಾರಿಯ ಸದ್ದು ಇಳಿಯುವ ಮೊದಲೇ ನನ್ನ ಧ್ವನಿ ಬರುತ್ತದೆ, ಚುರುಕಾಗಿ, ಪರೀಕ್ಷೆ ಮಾಡುವವರ ಹಾಗೆ: ಇನ್ನೊಂದ್ಸಲ ಹೇಳತ್ತೆ. ಅದಕ್ಕೂ ಅವಳು ಎರಡನೆಯ ಸಲ ಹೇಳುವುದಕ್ಕೂ ನಡುವೆ, ನಾನು ಆವತ್ತು ಗಮನಿಸದ ಒಂದು ಸಣ್ಣ ಮೌನವಿದೆ.

ಅತ್ತೆಯ ಮುಂದೆ ನಿಂತು ಹೇಳಲು ನನಗೆ ಮತ್ತೆ ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಡಿಗ್ರಿ ಬಂದಿತ್ತು, ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತ್ತು. ಕಲ್ಯಾಣದುರ್ಗಕ್ಕೆ ಹೋದಾಗ ಅತ್ತೆ ಹಿಂದಿನ ಕೋಣೆಯಲ್ಲೇ ಕೂತು ಮೊರದಲ್ಲಿ ಕಡಲೆಬೀಜ ಆರಿಸುತ್ತಿದ್ದಳು. ಗುಂಡಿ ಇರಲಿಲ್ಲ. ಮಣ್ಣು ತುಂಬಿ ಮೇಲೆ ಕಡಪ ಕಲ್ಲು ಹಾಸಿದ್ದರು.

ನಾನೂ ಕೂತು ಆರಿಸತೊಡಗಿದೆ. ಅರ್ಧ ಮೊರ ಮುಗಿದ ಮೇಲೆ ಹೇಳಿದೆ. “ಅತ್ತೆ, ಆವತ್ತು ನೀನು ಹೇಳಿ ಕಳಿಸಿದ್ದನ್ನ ನಾನು ಅಪ್ಪನಿಗೆ ಹೇಳ್ಲಿಲ್ಲ.”

ಯಾವತ್ತು, ಏನು ಎಂದು ಅವಳು ಕೇಳಲಿಲ್ಲ. “ಗೊತ್ತು ಕಣಮ್ಮ. ಬೆಂಚಿನ ಮ್ಯಾಲೆ ಕೂತಾಗ ಗೊತ್ತಾಯ್ತು.”

“ಅದಕ್ಕೆ ಮುಂಚೆ?”

“ಮುಂಚೆ, ನಿಮ್ಮಪ್ಪನಿಗೆ ಕೊಡಾಕೆ ಮನಸ್ಸಿಲ್ಲ ಅನ್ಕಂಡಿದ್ದೆ. ಒಂದೊರ್ಸ ಅಂಗೇ ಅನ್ಕಂಡಿದ್ದೆ.” ಹುಳುಕು ಬೀಜವೊಂದನ್ನು ತೆಗೆದು ಪಕ್ಕಕ್ಕೆ ಹಾಕಿದಳು. “ನೀನು ಮೂರು ಸಲ ಹೇಳಿಸ್ಕಂಡೆ ನೋಡು. ನಾವು ಒಂದೇ ಸಲ ಅನ್ನದು. ಎರಡ್ನೇ ಸಲ ಅನ್ನಾಕೆ ಬಾಯಿ ಬರ್ಲಿಲ್ಲ ನಂಗೆ. ಆದ್ರೂ ಓದಿರೋ ಹುಡ್ಗಿ, ಒಂದಕ್ಷರ ತಪ್ಪದಂಗೆ ಹೊತ್ಕಂಡು ಹೋಗಾಕೆ ಹೇಳಿಸ್ಕಂತಾಳೆ ಅನ್ಕಂಡೆ. ತೆಲುಗಾಗೂ ಹೇಳ್ದೆ. ನನ್ನ ಸೋದರಸೊಸೆ ಎಷ್ಟು ಚೊಕ್ಕಟ ಅನ್ಕಂಡೆ.”

ನಾನು ಮೊರ ನೋಡುತ್ತಾ ಕೂತೆ.

“ಅಳ್ಬ್ಯಾಡ,” ಎಂದಳು. “ಉಪ್ಪು ಬಿದ್ರೆ ಬೀಜ ಮೆತ್ತಗಾಯ್ತವೆ.”

“ಅಪ್ಪನಿಗೆ ಈಗ್ಲಾದ್ರೂ ಹೇಳ್ಲಾ ಅತ್ತೆ?”

“ಬ್ಯಾಡ.” ಅವಳ ಕೈ ಮೊದಲ ಬಾರಿಗೆ ನಿಂತಿತು. “ಆ ಬೆಂಚಿನ ಮ್ಯಾಲೆ ಅವ್ನು ದಿನಾ ಕೂತ್ಕಬೇಕು.”

“ಒಂದು ಮಗ್ಗ ಮಾಡಿಸಬಹುದು. ಈಗ ನನ್ನ ಸಂಬಳ…”

“ಇವಾಗ ಎಲ್ಲಮ್ಮ. ನೂಲೇ ಕಾಣಾಕಿಲ್ಲ ಕಣ್ಣಿಗೆ. ಈ ಬೀಜದಾಗೆ ಹುಳುಕು ಯಾವ್ದು ಅಂತ ಬೆರಳಲ್ಲೇ ನೋಡ್ತಾ ಇದ್ದೀನಿ.” ಇನ್ನೊಂದು ಬೀಜ ತಡವಿ ಪಕ್ಕಕ್ಕಿಟ್ಟು ಅವಳೇ ಕೇಳಿದಳು. “ಆ ಟೇಪು ಇನ್ನೂ ಅದಾ?”

“ಅದೆ.”

“ಎದ್ದೋಗಿಲ್ವಾ ಮಾತು?”

“ಇಲ್ಲತ್ತೆ.”

“ಇರ್ಲಿ ಬಿಡು,” ಎಂದು ಮೊರ ಎತ್ತಿ ಒಂದು ಸಲ ಕೇರಿದಳು. ಹೊಟ್ಟು ಹಾರಿ ಕಡಪ ಕಲ್ಲಿನ ಮೇಲೆ ಬಿತ್ತು.

ಸಂಜೆಯ ಬಸ್ಸಿಗೆ ಹತ್ತಿಸಲು ಬಂದಳು. ಈ ಸಲ ಕೊಡಲು ಏನೂ ತಂದಿರಲಿಲ್ಲ. ಕಂಡಕ್ಟರ್ ಸೀಟಿ ಹೊಡೆಯುವ ತನಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಆಮೇಲೆ ಹೇಳಿದಳು. “ನಿಮ್ಮಪ್ಪನ ತಾವ ಹೇಳು. ನಾನು ಚೆನ್ನಾಗಿದ್ದೀನಿ, ಏನೂ ಬೇಕಾಗಿಲ್ಲ ಅಂತ.”

ಒಂದೇ ಸಲ ಹೇಳಿದಳು. ನಾನು ಮತ್ತೆ ಹೇಳಿಸಿಕೊಳ್ಳಲಿಲ್ಲ.

ಮನೆ ತಲುಪಿದಾಗ ಅಪ್ಪ ಬೆಂಚಿನ ಮೇಲೆ ಕೂತಿದ್ದ. ಅವನು ಕೇಳುವ ಮೊದಲೇ, ಚಪ್ಪಲಿಯನ್ನೂ ಬಿಡದೆ, ಆ ಮಾತನ್ನು ಅವಳು ಹೇಳಿದ ಹಾಗೇ ಹೇಳಿದೆ.